ಮೊದಲ ಲೆನ್ಸ್ ಕೊಳ್ಳುವ ಮುಂಚೆ: ನನ್ನ ನೋಟ್ಸ್

ಒಂದು ದಿನ ಬೆಳಿಗ್ಗೆ ಐದೂವರೆಗೆ ಕೆ.ಆರ್. ಮಾರ್ಕೆಟ್‌ನ ಹೂವಿನ ಸಾಲಿನಲ್ಲಿದ್ದೆ. ಒಬ್ಬ ಅಜ್ಜಿ ಕನಕಾಂಬರದ ಮಾಲೆಯನ್ನು ಮೊಣಕೈಯಿಂದ ಬೆರಳ ತುದಿವರೆಗೆ ಎಳೆದೆಳೆದು ಮೊಳ ಹಾಕುತ್ತಿದ್ದರು. ನಲವತ್ತು ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ ಮುಖ ಪರವಾಗಿಲ್ಲ, ಕೈ ಮಾತ್ರ ಎಲ್ಲದರಲ್ಲೂ ಕಲಸಿಹೋಗಿತ್ತು. ಕ್ಯಾಮೆರಾನೇ ಸರಿಯಿಲ್ಲ ಅಂದುಕೊಂಡೆ. ಲೆನ್ಸ್‌ನ ತೂತು ಸಣ್ಣದು ಅನ್ನೋದು ಆಮೇಲೆ ತಿಳಿಯಿತು.

ಆ ತೂತೇ ಅಪರ್ಚರ್. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಮೇಲೆ ಸಾಮಾನ್ಯವಾಗಿ 18-55 ಎಂಎಂ, 3.5-5.6 ಅಂತ ಬರೆದಿರುತ್ತದೆ. 18ರಲ್ಲಿ ಎಫ್/3.5ವರೆಗೆ ತೆರೆಯುತ್ತದೆ, 55ಕ್ಕೆ ಜೂಮ್ ಮಾಡಿದರೆ ಎಫ್/5.6ಕ್ಕೇ ನಿಂತುಬಿಡುತ್ತದೆ. ಎಂಎಂ ಸಂಖ್ಯೆ ಫೋಕಲ್ ಲೆಂತ್, ಅದು ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ; ಎಫ್ ಮುಂದಿನದು ಎಫ್ ನಂಬರ್. ತೂತಿನ ಅಗಲ ತಿಳಿಯಲು ಫೋಕಲ್ ಲೆಂತನ್ನು ಎಫ್ ನಂಬರಿನಿಂದ ಭಾಗಿಸಿ. 55ನ್ನು 5.6ರಿಂದ ಭಾಗಿಸಿದರೆ ಸುಮಾರು 10 ಎಂಎಂ, ಅಂಗಿಯ ಗುಂಡಿಯಷ್ಟು. 50 ಎಂಎಂ ಎಫ್/1.8 ಲೆನ್ಸ್‌ಗೆ ಇದೇ ಲೆಕ್ಕ ಹಾಕಿದರೆ ಸುಮಾರು 28 ಎಂಎಂ. ಹತ್ತು ರೂಪಾಯಿ ನಾಣ್ಯದ ಅಗಲ 27 ಎಂಎಂ. ಜೇಬಿನಿಂದ ತೆಗೆದು ಗುಂಡಿಯ ಪಕ್ಕ ಇಟ್ಟು ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಎಫ್/5.6ಕ್ಕಿಂತ ಎಫ್/1.8ರಲ್ಲಿ, ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಬೀಳುತ್ತದೆ. ನನಗೆ ಅವತ್ತು ಸಿಕ್ಕ ಶಟರ್, ಅಂದರೆ ಬೆಳಕು ಒಳಗೆ ಬೀಳುವ ಸಮಯ, 1/15 ಸೆಕೆಂಡ್. ಎಫ್/1.8 ಇದ್ದಿದ್ದರೆ ಅದು 1/150ರ ಆಸುಪಾಸಿಗೆ ಏರುತ್ತಿತ್ತು, ಅಜ್ಜಿಯ ಕೈ ಬಹುಪಾಲು ನಿಲ್ಲುತ್ತಿತ್ತು. 'ಲೆನ್ಸ್‌ನಲ್ಲಿ ಸ್ಟೆಬಿಲೈಸೇಶನ್ ಇತ್ತಲ್ವಾ?' ಅಂತ ಕೇಳಬಹುದು. ಇತ್ತು. ಅದು ನಮ್ಮ ಕೈ ನಡುಕವನ್ನು ತಡೆಯುತ್ತದೆ ಅಷ್ಟೇ, ಎದುರಿಗಿರುವವರ ಕೈಯನ್ನು ಹಿಡಿದು ನಿಲ್ಲಿಸುವುದಿಲ್ಲ. ಮುಖ ಚೆನ್ನಾಗಿ ಬಂದು ಕೈ ಕಲಸಿದ್ದು ಅದಕ್ಕೇ.

ಹಾಗಂತ ಎಫ್/1.8ರಲ್ಲೇ ಎಲ್ಲ ತೆಗೆಯೋಕಾಗಲ್ಲ. ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾದಲ್ಲಿ 50 ಎಂಎಂ ಹಾಕಿ ಒಂದೂವರೆ ಮೀಟರ್ ದೂರದಿಂದ ತೆಗೆದರೆ ಫೋಕಸ್‌ನಲ್ಲಿ ಇರೋದು ಸುಮಾರು ಆರು ಸೆಂಟಿಮೀಟರ್ ಆಳ. ಬೆರಳು ಚೆನ್ನಾಗಿ ಬಂದರೆ ಮುಖ ಮಸುಕು. ತೂತು ಸಣ್ಣದಾದರೆ ಈ ಆಳ ಹೆಚ್ಚುತ್ತದೆ, ಅದಕ್ಕೇ ನಾನೀಗ ಮಾರ್ಕೆಟ್‌ನಲ್ಲಿ ಎಫ್/2.8ಕ್ಕೆ ಇಟ್ಟು, ಕಡಿಮೆಯಾದ ಬೆಳಕಿಗೆ ಐಎಸ್ಒ (ಚಿತ್ರವನ್ನು ಬೆಳಗಿಸುವ ಸೆಟ್ಟಿಂಗ್) ಏರಿಸುತ್ತೇನೆ.

ಎಷ್ಟು ಎಂಎಂ ಬೇಕು? ಇದನ್ನು ಯಾರನ್ನೂ ಕೇಳಬೇಡಿ, ನಿಮ್ಮ ಹಳೇ ಫೋಟೊಗಳನ್ನೇ ಕೇಳಿ. ಪ್ರತಿ ಫೈಲಿನ ವಿವರದಲ್ಲಿ ಫೋಕಲ್ ಲೆಂತ್ ಇರುತ್ತದೆ. ನಿಮಗೆ ಇಷ್ಟವಾದ ಐವತ್ತು ಫೋಟೊ ಆರಿಸಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನನ್ನವು ಹೆಚ್ಚಿನವು 30ರಿಂದ 40ರ ಒಳಗಿದ್ದವು. ಕ್ರಾಪ್ ಸೆನ್ಸರ್‌ನಲ್ಲಿ ನೋಟ ಕಿರಿದಾಗುತ್ತದೆ; ಫುಲ್ ಫ್ರೇಮ್‌ಗೆ ಹೋಲಿಸಲು ಫೋಕಲ್ ಲೆಂತನ್ನು 1.5ರಿಂದ ಗುಣಿಸಬೇಕು, ಕ್ಯಾನನ್ ಆದರೆ 1.6. 50 ಎಂಎಂ ಹಾಕಿದರೆ 75 ಎಂಎಂ ನೋಟ ಸಿಗುತ್ತದೆ. ನಮ್ಮ ಮನೆ ಹಾಲ್‌ನಲ್ಲಿ ನಾಲ್ಕು ಜನರನ್ನು ಒಟ್ಟಿಗೆ ಹಿಡಿಯಲು ನಾನು ಬಾಲ್ಕನಿಗೆ ಹೋಗಿ ನಿಲ್ಲಬೇಕು! 35 ಎಂಎಂ ನನಗೆ ಸರಿಹೋಯಿತು. ಹೆಬ್ಬಾಳ ಕೆರೆಯ ಹಕ್ಕಿಗಳೇ ಬೇಕೆಂದರೆ 300 ಎಂಎಂ ಕೂಡ ಚಿಕ್ಕದು, ಅದು ಬೇರೆ ಜೇಬಿನ ಮಾತು.

ಮೌಂಟ್, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜಾಗದ ಬಗ್ಗೆ ಒಂದು ಎಚ್ಚರಿಕೆ. ಕೂರುವುದೂ ಕೆಲಸ ಮಾಡುವುದೂ ಒಂದೇ ಅಲ್ಲ. ನಿಕಾನ್‌ನ ಹಳೇ ಎಎಫ್-ಡಿ ಲೆನ್ಸ್‌ಗಳಲ್ಲಿ ಫೋಕಸ್ ಮೋಟರ್ ಇರುವುದಿಲ್ಲ, ಕ್ಯಾಮೆರಾ ಬಾಡಿಯೊಳಗಿನ ಮೋಟರೇ ತಿರುಗಿಸಬೇಕು. ಡಿ3500ನಂಥ ಆರಂಭಿಕ ಬಾಡಿಗಳಲ್ಲಿ ಅದಿಲ್ಲ. ಲೆನ್ಸ್ ಟಕ್ ಅಂತ ಕೂರುತ್ತದೆ, ಆಟೋಫೋಕಸ್ ಆಗುವುದಿಲ್ಲ. ಕಡಿಮೆಗೆ ಸಿಕ್ತು ಅಂತ ಓಡಿಹೋಗಿ ತಂದವನು ನಾನೇ, ತಪ್ಪೂ ನನ್ನದೇ. ನಿಮ್ಮ ಬಾಡಿಯನ್ನು ಜೊತೆಗೆ ಒಯ್ದು, ಹಾಕಿ, ಕ್ಲಿಕ್ ಮಾಡಿ ನೋಡಿದ ಮೇಲೇ ದುಡ್ಡು ಕೊಡಿ.

ಸೆಕೆಂಡ್ ಹ್ಯಾಂಡ್ ಆದರೆ ಮೊಬೈಲ್ ಟಾರ್ಚ್ ಬೇಕೇ ಬೇಕು. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಡಿ. ನಾಲ್ಕು ಕಣ ಧೂಳು ಕಂಡರೆ ಗಾಬರಿ ಬೇಡ, ಫೋಟೊದಲ್ಲಿ ಕಾಣುವುದಿಲ್ಲ. ಜೇಡರ ಬಲೆಯ ಎಳೆಗಳಂತೆ ಕವಲೊಡೆದದ್ದು ಕಂಡರೆ ಅದು ಫಂಗಸ್, ವಾಪಸ್ ಕೊಟ್ಟುಬಿಡಿ. 'ಒರೆಸಿದರೆ ಹೋಗುತ್ತೆ ಸಾರ್' ಅಂತಾರೆ. ಒಳಗಿನ ಗಾಜನ್ನು ಬಿಚ್ಚದೆ ಹೇಗೆ ಒರೆಸೋದು? ತೂತನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಮಿಂಚಿದರೂ ಬೇಡ.

ಹೊಸದನ್ನೂ ಒಮ್ಮೆ ಪರೀಕ್ಷಿಸಿ. ನಾನು ಮಾಡಿದ್ದು ಇಷ್ಟು: ಕನ್ನಡ ಪೇಪರಿನ ಒಂದು ಪೂರ್ತಿ ಹಾಳೆಯನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಗೋಡೆಗೆ ನೇರವಾಗಿ ನಿಲ್ಲಿಸಿ, ಎರಡು ಸೆಕೆಂಡ್ ಟೈಮರ್ ಇಟ್ಟೆ. ಎಫ್/1.8, 2.8, 5.6, 8, 16, ಒಂದೊಂದು ಫೋಟೊ. ನಡುವಿನ ಅಕ್ಷರ ಎಫ್/1.8ರಲ್ಲೂ ಓದಲು ಬಂತು. ಮೂಲೆಯಲ್ಲಿ ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದ್ದವು, ಎಫ್/5.6ಕ್ಕೆ ಬಂದಾಗ ಬಿಡಿಬಿಡಿಯಾದವು. 16ರಲ್ಲಿ ಮತ್ತೆ ಸ್ವಲ್ಪ ಮೆತ್ತಗಾಯಿತು, ಅದು ಡಿಫ್ರಾಕ್ಷನ್ (ಸಣ್ಣ ತೂತಿನಲ್ಲಿ ಬೆಳಕು ಹರಡುವುದು), ಎಲ್ಲ ಲೆನ್ಸ್‌ಗೂ ಇದ್ದದ್ದೇ. ನಾಲ್ಕು ಮೂಲೆಯೂ ಒಂದೇ ಥರ ಮಸುಕಾಗಿದ್ದರೆ ತೊಂದರೆಯಿಲ್ಲ. ಎಡಗಡೆ ಸರಿಯಿದ್ದು ಬಲಗಡೆ ಮಾತ್ರ ಮಸುಕಾದರೆ ಕ್ಯಾಮೆರಾ ಓರೆಯಾಗಿದೆಯಾ ನೋಡಿ ಇನ್ನೊಮ್ಮೆ ತೆಗೆಯಿರಿ. ಮತ್ತೂ ಹಾಗೇ ಬಂದರೆ ಒಳಗಿನ ಗಾಜು ಸರಿಯಾಗಿ ಕೂತಿಲ್ಲ, ಬದಲಾಯಿಸಿಕೊಳ್ಳಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ತೇವಕ್ಕೆ ಲೆನ್ಸನ್ನು ಬ್ಯಾಗಿನಲ್ಲೇ ಮುಚ್ಚಿಡಬೇಡಿ. ತೇವ ತಡೆಯುವ ಡ್ರೈ ಕ್ಯಾಬಿನೆಟ್‌ಗೆ ದುಡ್ಡಿಲ್ಲದಿದ್ದರೆ ಬಿಗಿ ಮುಚ್ಚಳದ ಡಬ್ಬಿ, ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಸಾಕು. ಜೆಲ್ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಬೇಕು. ನನ್ನ 35 ಎಂಎಂ ಈಗ ಹಪ್ಪಳದ ಡಬ್ಬಿಯಲ್ಲಿದೆ. ಅಮ್ಮ ಎರಡು ಸಲ ವಾಪಸ್ ಕೇಳಿದ್ದಾರೆ.