ಠಾಣೆ ರಾಜ್ಯದ್ದು, ಕಾನೂನು ಸಂಸತ್ತಿನದ್ದು: ಗೃಹ ಸ್ಥಾಯಿ ಸಮಿತಿಯ ಕೈ ಎಲ್ಲಿಯವರೆಗೆ ಚಾಚುತ್ತದೆ?

ಕಾರವಾರದಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲರ ಬಳಿಗೆ ಆಗಾಗ ಬರುವ ಕೋರಿಕೆಯೊಂದಿದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳಲಿಲ್ಲ, ಇಲ್ಲವೇ ತನಿಖೆ ನಿಂತೇ ಹೋಗಿದೆ; 'ಪಾರ್ಲಿಮೆಂಟಿನಲ್ಲಿ ಗೃಹ ಇಲಾಖೆಗೆ ಒಂದು ಸಮಿತಿ ಇದೆಯಂತಲ್ಲ ವಕೀಲರೇ, ಅಲ್ಲಿಗೇ ಅರ್ಜಿ ಬರೆದುಕೊಡಿ' ಎನ್ನುತ್ತಾರೆ. ನಾನು ಬರೆದುಕೊಡುವುದಿಲ್ಲ. ಆ ಸಮಿತಿ ಇಲಾಖೆಯ ದೈನಂದಿನ ಆಡಳಿತಕ್ಕೆ ಕೈ ಹಾಕಬಾರದು ಎಂದು ನಿಯಮವೇ ಹೇಳುತ್ತದೆ. ಒಂದು ಎಫ್‌ಐಆರ್, ಒಬ್ಬ ಇನ್‌ಸ್ಪೆಕ್ಟರ್, ಒಂದು ವರ್ಗಾವಣೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂಥ ದೂರಿಗೆ ಪೊಲೀಸ್ ವರಿಷ್ಠಾಧಿಕಾರಿಯ ಕಚೇರಿ ಇದೆ, ಅಲ್ಲಿ ಆಗದಿದ್ದರೆ ಮ್ಯಾಜಿಸ್ಟ್ರೇಟರ ನ್ಯಾಯಾಲಯ ಇದೆ, ಪೊಲೀಸ್ ದೂರು ಪ್ರಾಧಿಕಾರ ಮತ್ತು ಮಾನವ ಹಕ್ಕುಗಳ ಆಯೋಗಗಳೂ ಇವೆ. ಹಾಗಾದರೆ ಆ ಸಮಿತಿ ಮಾಡುವುದೇನು ಎಂಬ ಮರುಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಲಾಗದು. ಅದಕ್ಕಾಗಿ ಈ ಬರಹ.

ಇಲಾಖಾವಾರು ಸ್ಥಾಯಿ ಸಮಿತಿಗಳ ವ್ಯವಸ್ಥೆ 1993ರಲ್ಲಿ ಬಂತು. ಈಗ ಅಂಥ 24 ಸಮಿತಿಗಳಿವೆ. ಗೃಹ ವ್ಯವಹಾರಗಳ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10, ಒಟ್ಟು 31 ಸದಸ್ಯರು. ಮಂತ್ರಿಗಳಿಗೆ ಅಲ್ಲಿ ಸದಸ್ಯತ್ವವಿಲ್ಲ. ಈ ಸಮಿತಿ ರಾಜ್ಯಸಭೆಯ ಸಭಾಪತಿಯ ಅಧೀನದಲ್ಲಿ ಕೆಲಸ ಮಾಡುತ್ತದೆ, ಆದ್ದರಿಂದ ಪತ್ರ ಬರೆಯುವವರು ರಾಜ್ಯಸಭಾ ಸಚಿವಾಲಯಕ್ಕೆ ಬರೆಯಬೇಕು. ಅದರ ಮುಂದೆ ಬರುವ ಕೆಲಸ ನಾಲ್ಕು ಬಗೆಯದು: ಗೃಹ ಸಚಿವಾಲಯದ ವಾರ್ಷಿಕ ಅನುದಾನ ಬೇಡಿಕೆ (ವರ್ಷದ ಖರ್ಚಿಗೆ ಸಂಸತ್ತಿನ ಮುಂದೆ ಇಡುವ ಹಣದ ಕೋರಿಕೆ), ಸದನ ಒಪ್ಪಿಸಿದ ಮಸೂದೆ, ಸಚಿವಾಲಯದ ವಾರ್ಷಿಕ ವರದಿ, ದೀರ್ಘಾವಧಿಯ ನೀತಿ.

ಇಲ್ಲೊಂದು ತೊಡಕಿದೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ, ಕಾರಾಗೃಹ ಮೂರೂ ರಾಜ್ಯಪಟ್ಟಿಯಲ್ಲಿವೆ. ದಂಡ ಕಾನೂನು ಮತ್ತು ದಂಡ ಪ್ರಕ್ರಿಯೆ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. ಶಿರಸಿ ಠಾಣೆಯ ಹವಾಲ್ದಾರರು ರಾಜ್ಯದ ನೌಕರರು, ಅವರು ಬರೆಯುವ ಪಂಚನಾಮೆಯ ಕ್ರಮ ಮಾತ್ರ ಸಂಸತ್ತು ಮಾಡಿದ ಕಾನೂನಿನದು. ಸಮಿತಿ ಕಾನೂನಿನ ಕಡೆಯಿಂದ ನೇರವಾಗಿ ಬರಬಹುದು. ಪೊಲೀಸರ ಕಡೆಗೆ ಅದು ಬರುವುದು ಹೆಚ್ಚಾಗಿ ಹಣದ ದಾರಿಯಲ್ಲಿ.

ಹಣದ ದಾರಿ ಎಂದರೇನು ಎಂಬುದನ್ನು ನಮ್ಮ ಕರಾವಳಿಯಲ್ಲೇ ನೋಡಬಹುದು. ಕಾರವಾರದಲ್ಲಿ, ಭಟ್ಕಳದಲ್ಲಿ ಇರುವ ಕರಾವಳಿ ಕಾವಲು ಪೊಲೀಸ್ ಠಾಣೆಗಳು ಕೇಂದ್ರದ ಕರಾವಳಿ ಭದ್ರತಾ ಯೋಜನೆಯಿಂದ ಮೈತಳೆದವು. ದೋಣಿಗೆ, ಕಟ್ಟಡಕ್ಕೆ ಕೇಂದ್ರದ ನೆರವು, ಸಿಬ್ಬಂದಿ ರಾಜ್ಯದ್ದು. ದೋಣಿ ಬಂದು ಅದನ್ನು ನಡೆಸುವವರ ಹುದ್ದೆ ಖಾಲಿ ಬಿದ್ದರೆ ಹೊಣೆ ಯಾರದು? ರಾಜ್ಯ ಕೇಂದ್ರದತ್ತ ನೋಡುತ್ತದೆ, ಕೇಂದ್ರ ರಾಜ್ಯದತ್ತ. ಅನುದಾನ ಬೇಡಿಕೆ ಪರಿಶೀಲಿಸುವಾಗ ಗೃಹ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿಕೊಂಡು, ಕೊಟ್ಟ ಹಣದಲ್ಲಿ ಎಷ್ಟು ಖರ್ಚಾಯಿತು, ಉಳಿದದ್ದು ಏಕೆ ಉಳಿಯಿತು ಎಂದು ಕೇಳುವ ಅಧಿಕಾರ ಈ ಸಮಿತಿಗಿದೆ. ಮೀನುಗಾರರ ಸುರಕ್ಷತೆ ಇದರಲ್ಲಿ ಅಡಗಿರುವುದರಿಂದ ಈ ಪ್ರಶ್ನೋತ್ತರವನ್ನು ನಾವು ಒಣ ಲೆಕ್ಕಾಚಾರವೆಂದು ಬದಿಗಿಡಬಾರದು.

ವಿಚಾರಣೆಯ ಕ್ರಮ ಹೀಗಿದೆ. ವಿಷಯ ಗೊತ್ತುಪಡಿಸಿದ ಮೇಲೆ ಸಚಿವಾಲಯದಿಂದ ಹಿನ್ನೆಲೆ ಟಿಪ್ಪಣಿ ತರಿಸುತ್ತಾರೆ. ಅದನ್ನು ಓದಿ ಪ್ರಶ್ನಾವಳಿ ಕಳುಹಿಸುತ್ತಾರೆ, ಲಿಖಿತ ಉತ್ತರ ಬಂದ ಮೇಲೆ ಮೌಖಿಕ ಸಾಕ್ಷ್ಯ. ಸಭೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ. ಕ್ಯಾಮೆರಾ ಇಲ್ಲ, ಪತ್ರಕರ್ತರಿಲ್ಲ. ಇದು ಪಾರದರ್ಶಕವಲ್ಲವೆಂಬ ಆಕ್ಷೇಪವಿದೆ. ಆದರೆ ಪಕ್ಷದ ಬಾವುಟ ಬೀಸಿ ಅಲ್ಲಿ ಯಾರನ್ನೂ ಮೆಚ್ಚಿಸಬೇಕಾಗಿಲ್ಲ. ಆಡಳಿತ ಪಕ್ಷದ ಸದಸ್ಯರೂ ಅಧಿಕಾರಿಯನ್ನು ಬಿಗಿಯಾಗಿ ಪ್ರಶ್ನಿಸಬಲ್ಲ ಕೆಲವೇ ಜಾಗಗಳಲ್ಲಿ ಅದೊಂದು. ಒಪ್ಪದ ಸದಸ್ಯರು ಭಿನ್ನಮತದ ಟಿಪ್ಪಣಿ ಬರೆದರೆ ಅದನ್ನೂ ವರದಿಯ ಜೊತೆಗೇ ಅಚ್ಚು ಹಾಕುತ್ತಾರೆ. ವರದಿ ಓದುವವರು ಆ ಟಿಪ್ಪಣಿಗಳನ್ನು ಮೊದಲು ಓದಬೇಕೆಂಬುದು ನನ್ನ ಸಲಹೆ.

ಸಮಿತಿಯ ಮಾತು ಎಷ್ಟು ನಡೆಯುತ್ತದೆ ಎಂಬುದಕ್ಕೆ, ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳಿಗಿಂತ ಒಳ್ಳೆಯ ಉದಾಹರಣೆ ಸಿಗದು. 2023ರ ಆಗಸ್ಟ್ 11ರಂದು ಮೂರೂ ಮಸೂದೆಗಳು ಲೋಕಸಭೆಗೆ ಬಂದವು, ಬಳಿಕ ಈ ಸಮಿತಿಗೆ ಹೋದವು. ನವೆಂಬರಿನಲ್ಲಿ 246, 247, 248ನೆಯ ವರದಿಗಳು ಸಿದ್ಧವಾದವು. ಡಿಸೆಂಬರಿನಲ್ಲಿ ಸರ್ಕಾರ ಹಳೆಯ ಮಸೂದೆಗಳನ್ನು ಹಿಂಪಡೆದು ತಿದ್ದಿದ ಮಸೂದೆಗಳನ್ನು ಮಂಡಿಸಿತು. 2024ರ ಜುಲೈ 1ರಿಂದ ಅವೇ ನಮ್ಮ ದಿನನಿತ್ಯದ ಕಾನೂನು. ಒಂದೂವರೆ ಶತಮಾನದ ದಂಡ ಕಾನೂನನ್ನು ಬದಲಿಸುವ ಮೂರು ಮಸೂದೆಗಳಿಗೆ ಸಿಕ್ಕ ಸಮಯ ಮೂರು ತಿಂಗಳೊಳಗೆ ಮುಗಿಯಿತು. ಇದು ಸಾಲದು ಎಂದು ನಾನು ಆಗಲೂ ಅಂದುಕೊಂಡಿದ್ದೆ, ಈಗಲೂ ಅದೇ ಅಭಿಪ್ರಾಯ.

ಆದರೂ ಫಲ ಬರಲೇ ಇಲ್ಲ ಎನ್ನುವಂತಿಲ್ಲ. 'ಸಮುದಾಯ ಸೇವೆ' ಎಂಬ ಹೊಸ ಶಿಕ್ಷೆ ಮೊದಲ ಮಸೂದೆಯಲ್ಲಿತ್ತು, ಹಾಗೆಂದರೇನೆಂಬ ವಿವರಣೆ ಇರಲಿಲ್ಲ. ವಿವರಿಸಿ ಎಂದು ಸಮಿತಿ ಹೇಳಿತು. ತಿದ್ದಿದ ಸುರಕ್ಷಾ ಸಂಹಿತೆಯ 23ನೆಯ ಕಲಮಿನಲ್ಲಿ ವಿವರಣೆ ಸೇರಿತು: ಸಮುದಾಯಕ್ಕೆ ಪ್ರಯೋಜನವಾಗುವ, ಸಂಬಳವಿಲ್ಲದ ಕೆಲಸ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಗಲಾಟೆ ಮಾಡಿದ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರು ಈ ಶಿಕ್ಷೆಯನ್ನು ಕೊಡಬಹುದು. ಸಂಬಳವಿಲ್ಲ ಎಂಬುದನ್ನು ಅವರು ಈಗ ಊಹಿಸಬೇಕಾಗಿಲ್ಲ, ಕಾನೂನೇ ಹೇಳಿದೆ. ಇನ್ನೊಂದೆಡೆ, ವ್ಯಭಿಚಾರವನ್ನು ಲಿಂಗಭೇದವಿಲ್ಲದ ಅಪರಾಧವಾಗಿ ಮರಳಿ ತನ್ನಿ ಎಂಬ ಸಲಹೆಯನ್ನು ಸರ್ಕಾರ ಒಪ್ಪಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದ ಅಪರಾಧವದು; ಒಪ್ಪದಿದ್ದದ್ದೇ ಸರಿ.

ನನ್ನನ್ನು ಹೆಚ್ಚು ಕಾಡುವುದು ಪೊಲೀಸ್ ಕಸ್ಟಡಿಯ ವಿಷಯ. ಹಳೆಯ ಕಾನೂನಿನಲ್ಲಿ, ಮ್ಯಾಜಿಸ್ಟ್ರೇಟರು ಆರೋಪಿಯನ್ನು ಕಸ್ಟಡಿಗೆ ಒಪ್ಪಿಸಿದ ಮೊದಲ 15 ದಿನಗಳೊಳಗೆ ಮಾತ್ರ ಪೊಲೀಸ್ ಕಸ್ಟಡಿ ಎಂಬ ಗೆರೆ ಇತ್ತು. ಸುರಕ್ಷಾ ಸಂಹಿತೆಯ 187ನೆಯ ಕಲಮು ಆ 15 ದಿನಗಳನ್ನು ಬಿಡಿಬಿಡಿಯಾಗಿ, ಪ್ರಕರಣಕ್ಕೆ ತಕ್ಕಂತೆ ಮೊದಲ 40 ಅಥವಾ 60 ದಿನಗಳಲ್ಲಿ ಯಾವಾಗ ಬೇಕಾದರೂ ಕೇಳಲು ಬಿಡುತ್ತದೆ. ನ್ಯಾಯಾಂಗ ಬಂಧನದಲ್ಲಿರುವ ಆರೋಪಿಯ ಜಾಮೀನು ಅರ್ಜಿ ವಾದಕ್ಕೆ ಬರುವ ಹೊತ್ತಿಗೆ ಮತ್ತೆ ಕಸ್ಟಡಿ ಬೇಕೆಂಬ ಕೋರಿಕೆ ಬಂದರೆ ಜಾಮೀನು ಹಿಂದೆ ಬೀಳುತ್ತದೆ. ದುರುಪಯೋಗದ ಈ ಆತಂಕ ಸಮಿತಿಯ ವರದಿಯಲ್ಲಿ ದಾಖಲಾಗಿದೆ, ಸ್ಪಷ್ಟತೆ ತನ್ನಿ ಎಂಬ ಶಿಫಾರಸೂ ಇದೆ. ಕಾನೂನಿನ ಪಠ್ಯ ಮಾತ್ರ ಬದಲಾಗಲಿಲ್ಲ. ಹಾಗೆಂದು ಆ ಶಿಫಾರಸು ವ್ಯರ್ಥವೂ ಅಲ್ಲ. ಕಸ್ಟಡಿ ಅರ್ಜಿಯನ್ನು ವಿರೋಧಿಸುವಾಗ, ಸಂಸತ್ತಿನ ಸಮಿತಿಯೇ ಈ ಅಪಾಯವನ್ನು ಕಂಡಿತ್ತು ಎಂದು ನ್ಯಾಯಾಲಯದ ಮುಂದೆ ಇಡಬಹುದು. ಯುವ ವಕೀಲರು ಸುರಕ್ಷಾ ಸಂಹಿತೆಯ ಮೇಲಿನ ಆ 247ನೆಯ ವರದಿಯನ್ನು ಕಡತದಲ್ಲಿ ಇಟ್ಟುಕೊಳ್ಳಲಿ.

ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ, ಅದಕ್ಕಿರುವುದು ಸಲಹೆಯ ತೂಕ. ಉತ್ತರ ಮಾತ್ರ ಕೊಡಲೇಬೇಕು. ಮಸೂದೆಯ ವರದಿಗಳನ್ನು ಬಿಟ್ಟು ಉಳಿದವುಗಳಿಗೆ ಮೂರು ತಿಂಗಳಲ್ಲಿ ಸಚಿವಾಲಯ ಕೈಗೊಂಡ ಕ್ರಮವನ್ನು ತಿಳಿಸಬೇಕು. ಆ ಉತ್ತರಗಳನ್ನು ಸಮಿತಿ ವಿಂಗಡಿಸಿ ಇನ್ನೊಂದು ವರದಿ ಮಾಡುತ್ತದೆ: ಸರ್ಕಾರ ಒಪ್ಪಿದವು, ಉತ್ತರ ನೋಡಿ ಸಮಿತಿ ಕೈಬಿಟ್ಟವು, ಉತ್ತರವನ್ನು ಸಮಿತಿ ಒಪ್ಪದಿದ್ದವು, ಉತ್ತರ ಇನ್ನೂ ಬರಬೇಕಾದವು. ಮೂರನೆಯ ಗುಂಪಿನಲ್ಲಿ ನಿಜವಾದ ಜಗಳ ಕಾಣುತ್ತದೆ. ಪತ್ರಿಕೆಗಳಲ್ಲಿ ಮೊದಲ ವರದಿ ಸುದ್ದಿಯಾಗುತ್ತದೆ, ಈ ಎರಡನೆಯದು ಆಗುವುದು ತೀರಾ ಕಡಿಮೆ.

ಪೊಲೀಸ್ ವಿಷಯದಲ್ಲಿ ಸಚಿವಾಲಯದ ಉತ್ತರ ಬಹುಪಾಲು ಒಂದೇ ಅಚ್ಚಿನದು: 'ಇದು ರಾಜ್ಯದ ವಿಷಯ, ರಾಜ್ಯಗಳಿಗೆ ಸಲಹಾಪತ್ರ ಕಳುಹಿಸಲಾಗಿದೆ.' 2022ರ ಫೆಬ್ರುವರಿಯ 237ನೆಯ ವರದಿ ದೇಶದ ಪೊಲೀಸ್ ಬಲದಲ್ಲಿ ಮಹಿಳೆಯರು ಶೇ 10.3 ಮಾತ್ರ ಎಂದು ಗುರುತಿಸಿ, ಶೇ 33ಕ್ಕೆ ಏರಿಸಲು ದಾರಿ ಹಾಕಿ ಎಂದಿತ್ತು. ನೇಮಕ ಮಾಡಬೇಕಾದದ್ದು ರಾಜ್ಯ. ಆದ್ದರಿಂದ ದಿಲ್ಲಿಯ ವರದಿಯನ್ನು ಹಿಡಿದು ನಮ್ಮ ಶಾಸಕರನ್ನು ವಿಧಾನಸಭೆಯಲ್ಲಿ ಪ್ರಶ್ನೆ ಕೇಳುವಂತೆ ಮಾಡಿದಾಗಲೇ ಆ ಮಾತಿಗೆ ಇಲ್ಲಿ ಕಾಲು ಬರುತ್ತದೆ. ವರದಿಗಳು ಇಂಗ್ಲಿಷ್, ಹಿಂದಿಯಲ್ಲಿ ಬರುತ್ತವೆ, ಕನ್ನಡದಲ್ಲಿ ಬರುವುದಿಲ್ಲ. ಠಾಣೆಯಿಂದ ನ್ಯಾಯಾಲಯದವರೆಗೆ ಕನ್ನಡದಲ್ಲೇ ಕೆಲಸ ನಡೆಯುವ ಜಿಲ್ಲೆಗೆ ಇದು ದೊಡ್ಡ ಕೊರತೆ. ಮುಖ್ಯ ಭಾಗಗಳನ್ನಾದರೂ ವಕೀಲರ ಸಂಘಗಳು ಕನ್ನಡಕ್ಕೆ ತಂದರೆ ಉಪಕಾರವಾದೀತು.

ಸಮಿತಿಗೆ ಬರೆಯುವುದಾದರೆ ನಾನು ಒಂದೇ ವಿಷಯದ ಮೇಲೆ ಬರೆಯಬೇಕೆನ್ನುತ್ತೇನೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ (ಫೊರೆನ್ಸಿಕ್) ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಲೇಬೇಕು ಎನ್ನುತ್ತದೆ ಸುರಕ್ಷಾ ಸಂಹಿತೆಯ 176(3). ಇದನ್ನು ಜಾರಿಗೆ ತರಲು ರಾಜ್ಯಕ್ಕೆ ಐದು ವರ್ಷಗಳ ಅವಕಾಶವಿದೆ, ಎಂದರೆ 2029ರ ವರೆಗೆ. ಜೊಯಿಡಾದ ಕಾಡಿನಂಚಿನ ಹಳ್ಳಿಯಲ್ಲಿ ಮಳೆಗಾಲದ ರಾತ್ರಿ ಕೊಲೆಯಾದರೆ ತಜ್ಞರು ಎಲ್ಲಿಂದ ಹೊರಡುತ್ತಾರೆ? ದೇವಿಮನೆ ಘಟ್ಟದ ರಸ್ತೆ ಕುಸಿದಿದ್ದರೆ ಶಿರಸಿಗೆ ಯಾವ ದಾರಿಯಿಂದ ತಲುಪುತ್ತಾರೆ? ಶೋಧ ಮತ್ತು ಜಪ್ತಿಯ ವಿಡಿಯೊ ಮಾಡಬೇಕೆಂಬ 105ನೆಯ ಕಲಮಿನ ಪಾಲನೆ, ಮೊಬೈಲ್ ಸಿಗ್ನಲ್ಲೇ ಇಲ್ಲದ ಕಡೆ ಹೇಗೆ ನಡೆಯುತ್ತಿದೆ? ಕಾರವಾರ, ಶಿರಸಿ, ಭಟ್ಕಳದ ವಕೀಲರು ತಮ್ಮ ಕಡತಗಳನ್ನು ತೆರೆದು, ಕಕ್ಷಿದಾರರ ಹೆಸರು ತೆಗೆದು, ಮೂರು ದಿನಾಂಕಗಳನ್ನಷ್ಟೇ ಬರೆದುಕೊಳ್ಳಲಿ: ಘಟನೆ ನಡೆದ ದಿನ, ಮುದ್ದೆಮಾಲು (ಜಪ್ತಿ ಮಾಡಿದ ವಸ್ತು) ಪ್ರಯೋಗಾಲಯಕ್ಕೆ ಹೋದ ದಿನ, ವರದಿ ನ್ಯಾಯಾಲಯಕ್ಕೆ ಬಂದ ದಿನ. ಅನುದಾನ ಬೇಡಿಕೆಗಳು ಸಮಿತಿಯ ಮುಂದೆ ಬರುವುದು ಬಜೆಟ್ ಮಂಡನೆಯಾದ ಮೇಲಿನ ವಾರಗಳಲ್ಲಿ; ಜನವರಿ ಮುಗಿಯುವುದರೊಳಗೆ ಆ ಪಟ್ಟಿ ರಾಜ್ಯಸಭಾ ಸಚಿವಾಲಯವನ್ನು ತಲುಪಬೇಕು, ಒಂದು ಪ್ರತಿ ನಮ್ಮ ಸಂಸದರ ಕೈಗೂ.