ಕಾಫಿ ಹೂವಿಗೆ ಒಂಚೂರು ನಾತ

ಹೋಂಸ್ಟೇ ನಡೆಸುವವರು "ಕೊಡಗಿನ ಪರಿಮಳ ಇರೋ ಒಂದು ಸೆಂಟು ಮಾಡಿಕೊಡಿ" ಅಂತ ಬಂದರೆ, ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಹುರಿದ ಕಾಫಿಪುಡಿ. ಅದು ಸುಲಭ. ಫರ್ಫ್ಯುರಿಲ್ ಥಯಾಲ್ ಅಂತ ಗಂಧಕ ಇರುವ ವಸ್ತು ಒಂದಿದೆ. 1920ರ ದಶಕದಲ್ಲೇ ಸ್ಟೌಡಿಂಗರ್ ಮತ್ತು ರೈಖ್‌ಸ್ಟೈನ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಹುರಿದ ಕಾಫಿಯಲ್ಲಿ ಗುರುತಿಸಿದ್ದರು. ಸೀಸೆಯಿಂದ ನೇರ ಮೂಸಿದರೆ ತಲೆ ತಿರುಗುವ ನಾತ. ಚೆನ್ನಾಗಿ ತೆಳು ಮಾಡಿದರೆ ಬಿಸಿ ಕಾಫಿ.

ಕಷ್ಟ ಇರುವುದು ಕಾಫಿ ಹೂವಿನಲ್ಲಿ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತಾರೆ. ಗೋಣಿಕೊಪ್ಪ, ಸಿದ್ದಾಪುರ ಕಡೆಯ ರೊಬಸ್ಟಾ ತೋಟಗಳ ಪರಿಮಳವಂತೂ ಬಸ್ಸಿನೊಳಗೂ ನುಗ್ಗುತ್ತದೆ. ಎರಡು-ಮೂರು ದಿನ, ಅಷ್ಟೇ. ಆಮೇಲೆ ಹೂ ಕಂದುತ್ತದೆ.

ಏಲಕ್ಕಿ, ಕಾಳುಮೆಣಸು, ಲಾವಂಚದ ಬೇರು ಹಬೆಗೆ ಬಗ್ಗುತ್ತವೆ, ಭಟ್ಟಿ ಇಳಿಸಿದರೆ ಎಣ್ಣೆ ಬರುತ್ತದೆ. (ಮೆಣಸಿನ ಎಣ್ಣೆ ಮೂಸಲು ಕೊಟ್ಟರೆ ಸೀನು ಬರುತ್ತೆ ಅಂತ ಎಲ್ಲರೂ ಹಿಂದೆ ಸರಿಯುತ್ತಾರೆ. ಖಾರ ಕೊಡುವ ಪೈಪರಿನ್ ಹಬೆಯ ಜೊತೆ ಮೇಲೇಳುವುದೇ ಇಲ್ಲ. ಎಣ್ಣೆಯಲ್ಲಿ ಇರುವುದು ಒಣ ಕಟ್ಟಿಗೆಯ ಪರಿಮಳ.) ಮಲ್ಲಿಗೆಯಂಥ ನಾಜೂಕಿನ ಬಿಳಿ ಹೂಗಳು ಹಬೆ ತಡೆಯುವುದಿಲ್ಲ. ಹಾಗಾಗಿ ಅವನ್ನು ಹೆಕ್ಸೇನ್ ಅನ್ನುವ ದ್ರಾವಕದಲ್ಲಿ ನೆನೆಸಿ, ಸಿಗುವ ಮೇಣವನ್ನು ಆಲ್ಕೋಹಾಲಿನಲ್ಲಿ ತೊಳೆದು ಅಬ್ಸಲ್ಯೂಟ್, ಅಂದರೆ ಹೂವಿನ ಗಟ್ಟಿ ಸಾರ, ತೆಗೆಯುತ್ತಾರೆ. ಒಂದು ಕಿಲೋ ಅಬ್ಸಲ್ಯೂಟಿಗೆ ನೂರಾರು ಕಿಲೋ ಹೂ ಬೇಕು. ಮಲ್ಲಿಗೆ ಬೆಳೆಯುವುದೇ ಕೀಳಲಿಕ್ಕೆ, ಸರಿ. ಕಾಫಿಯಲ್ಲಿ ಹೂ ಕಿತ್ತರೆ ಕಾಯಿ ಹೋಯಿತು. ನೂರಾರು ಕಿಲೋ ಕಾಫಿ ಹೂ ಕೊಡಿ ಅಂತ ತೋಟದವರನ್ನು ಕೇಳಿ ನೋಡಿ. ಅವರು ಕೋವಿ ಎತ್ತಿಕೊಳ್ಳದಿದ್ದರೆ ನಿಮ್ಮ ಪುಣ್ಯ.

ಉಳಿಯುವ ದಾರಿ ಒಂದೇ. ಅರಳಿದ ಗಿಡದ ಹತ್ತಿರ ಕೂತು ಮೂಸಬೇಕು, ಮೂಗಿಗೆ ಸಿಕ್ಕಿದ್ದನ್ನು ಬರೆದುಕೊಳ್ಳಬೇಕು, ಬಿಡಿಬಿಡಿ ಸಾಮಾನಿನಿಂದ ಆ ಹೂವನ್ನು ಕಟ್ಟಬೇಕು. ನಾನು ಮಲ್ಲಿಗೆಯ ಸಾಮಾನಿನಿಂದ ಶುರು ಮಾಡುತ್ತೇನೆ. ಹಣ್ಣಿನ ಸಿಹಿಗೆ ಬೆಂಜೈಲ್ ಅಸಿಟೇಟ್, ತಾಜಾತನಕ್ಕೆ ಲಿನಾಲೂಲ್. ಇವುಗಳ ಮಧ್ಯೆ ಗಾಳಿಯಾಡಲು ಹೆಡಿಯೋನ್ ಅನ್ನುವ, ತೆಳು ಮಲ್ಲಿಗೆ ವಾಸನೆಯ ವಸ್ತು. 1966ರಲ್ಲಿ ಎಡ್ಮಂಡ್ ರೂಡ್ನಿಟ್ಸ್ಕಾ ಅನ್ನುವ ಫ್ರೆಂಚ್ ಸುಗಂಧಕಾರ 'ಓ ಸವಾಜ್' ಸೆಂಟಿನಲ್ಲಿ ಅದರ ತಾಕತ್ತು ತೋರಿಸಿದ ಮೇಲೆ ಹೆಡಿಯೋನ್ ಬಿಟ್ಟು ಹೂ ಕಟ್ಟುವವರು ಕಡಿಮೆ. ಕಿತ್ತಳೆ ಹೂವಿನ ಛಾಯೆಗೆ ಚೂರು ಮೀಥೈಲ್ ಆಂಥ್ರನಿಲೇಟ್. ಈಗಷ್ಟೇ ಕೊಯ್ದ ಹುಲ್ಲಿನ ಹಸಿರಿಗೆ ಸಿಸ್-3-ಹೆಕ್ಸೆನಾಲ್.

ಇಷ್ಟಕ್ಕೇ ನಿಲ್ಲಿಸಿದರೂ ಚೆನ್ನಾಗಿಯೇ ಇರುತ್ತದೆ. ಆದರೆ ಅದು ಹೋಟೆಲ್ ಬಾತ್‌ರೂಮಿನ ಸೋಪು. ಹೂ ಆಗಬೇಕಾದರೆ ಇಂಡೋಲ್ ಬೀಳಬೇಕು.

ಇಂಡೋಲ್ ನೋಡಲು ಬಿಳಿ ಹರಳು. ಡಬ್ಬಿಯ ಮುಚ್ಚಳ ತೆಗೆದರೆ ಮೊದಲು ನುಸಿಗುಳಿಗೆ, ಹಿಂದೆಯೇ ಕಕ್ಕಸಿನ ನಾತ. ಸುಮ್ನೆ ಹೇಳುತ್ತಿಲ್ಲ, ಮಲದಲ್ಲೂ ಇದೇ ವಸ್ತು ಇದೆ. ಮಲ್ಲಿಗೆಯಲ್ಲೂ ಇದೆ. ನನ್ನ ಕಾಫಿ ಹೂವಿನಲ್ಲಿ ಸಾವಿರ ಭಾಗಕ್ಕೆ 3 ಭಾಗ ಹಾಕುತ್ತೇನೆ. ಕಲಿಯಲು ಬಂದವರಿಗೆ ಎರಡು ಕಾಗದದ ಪಟ್ಟಿ ಕೊಡುತ್ತೇನೆ. ಒಂದರಲ್ಲಿ ಇಂಡೋಲ್ ಇದೆ, ಇನ್ನೊಂದರಲ್ಲಿ ಇಲ್ಲ. ಯಾವುದು ಯಾವುದು ಅಂತ ಹೇಳುವುದಿಲ್ಲ. ಇಲ್ಲದ್ದನ್ನು ಮೂಸಿ "ಚೆನ್ನಾಗಿದೆ" ಅಂದು ಕೆಳಗಿಡುತ್ತಾರೆ. ಇರುವುದನ್ನು ಮೂಸಿ ಏನೂ ಅನ್ನದೆ ಮತ್ತೆ ಮೂಗಿನ ಹತ್ತಿರ ಒಯ್ಯುತ್ತಾರೆ.

ನೆನೆದ ಮಣ್ಣಿನದೂ ಇದೇ ಕಥೆ. ಆ ವಾಸನೆ ಜಿಯೋಸ್ಮಿನ್‌ನದು, ಮಣ್ಣಿನ ಬ್ಯಾಕ್ಟೀರಿಯಾ ಮಾಡುವಂಥದ್ದು. ನಮ್ಮ ಮೂಗು ಅದನ್ನು ಎಷ್ಟು ಕಡಿಮೆ ಇದ್ದರೂ ಹಿಡಿಯುತ್ತದೆ. ಶೇಕಡಾ 0.1ಕ್ಕೆ ಇಳಿಸಿದ ದ್ರಾವಣವೇ ಜಾಸ್ತಿ ಆಗಬಹುದು. ಕೈ ಸ್ವಲ್ಪ ಮುಂದೆ ಹೋದರೆ ತೋಟ ಮಾಯವಾಗಿ ಬೀಟ್‌ರೂಟ್ ಪಲ್ಯ ಬರುತ್ತದೆ.

ಅದಕ್ಕೇ ಹನಿ ಲೆಕ್ಕ ಬಿಡಿ ಅನ್ನುವುದು. ಡ್ರಾಪರ್ ಬದಲಾದರೆ ಹನಿಯ ಗಾತ್ರ ಬದಲಾಗುತ್ತದೆ, ಎಣ್ಣೆ ಮಂದವಾಗಿದ್ದರೂ ಬದಲಾಗುತ್ತದೆ. ಮಿಲಿಗ್ರಾಂ ತೋರಿಸುವ ತಕ್ಕಡಿ ಮೊದಲು ಕೊಳ್ಳಿ, ದುಬಾರಿ ಎಣ್ಣೆ ಆಮೇಲೆ.

ಅಂಗಡಿಗಳಲ್ಲಿ ಮೂಗು ತಿಳಿಯಾಗಲಿ ಅಂತ ಕಾಫಿ ಬೀಜ ಮೂಸಲು ಕೊಡುತ್ತಾರಲ್ವಾ? ಕಾಫಿ ಬೆಳೆಯುವ ಊರಿನಲ್ಲಿ ಕೂತು ಹೇಳಬಾರದು, ಆದರೂ ಹೇಳುತ್ತೇನೆ. ಪರೀಕ್ಷೆ ಮಾಡಿ ನೋಡಿದವರಿಗೆ ಬರೀ ಗಾಳಿಗಿಂತ ಅದರಿಂದ ಹೆಚ್ಚಿನ ಉಪಯೋಗ ಕಾಣಲಿಲ್ಲ. ಹೊರಗೆ ಸ್ವಲ್ಪ ಹೊತ್ತು ನಿಂತು ಬನ್ನಿ, ಸಾಕು. ಮಡಿಕೇರಿ ಕಡೆ ಇರುವವರು ಮಳೆಗಾಲದಲ್ಲಿ ಕಾಗದದ ಪಟ್ಟಿಗಳನ್ನು ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಜುಲೈನಲ್ಲಿ ಮೂಸಿದ್ದೆಲ್ಲ ಬೂಷ್ಟು.

ಕೊನೆಯವರೆಗೆ ಉಳಿಯುವ ತಳದ ವಾಸನೆಗೆ ಗಂಧದೆಣ್ಣೆ ಹಾಕುವ ಆಸೆ ಎಲ್ಲರಿಗೂ. ನಾನು ಲಾವಂಚ ಹಾಕುತ್ತೇನೆ. ಗಂಧ ಈ ಹೂವನ್ನು ಮೆತ್ತಗೆ ಮಾಡಿ ದೇವರಕೋಣೆಗೆ ಒಯ್ಯುತ್ತದೆ. ಲಾವಂಚದಲ್ಲಿ ಬೇರಿನ, ಮಣ್ಣಿನ ವಾಸನೆ ಇರುವುದರಿಂದ ಹೂ ತೋಟದಲ್ಲೇ ಇರುತ್ತದೆ.

ಇದೇ ಪರಿಮಳದ ಮೇಣದಬತ್ತಿ ಬೇಕು ಅಂತ ಈಗ ಜಾಸ್ತಿ ಜನ ಕೇಳುತ್ತಾರೆ. ಇಂಡೋಲ್‌ಗೆ ಬಣ್ಣ ತಿರುಗುವ ಗುಣ ಇದೆ, ಬಿಳಿ ಮೇಣ ಬರಬರುತ್ತಾ ಕಂದಾಗುತ್ತದೆ. ಬಣ್ಣದ ಮೇಣಕ್ಕೆ ಒಪ್ಪಿದವರಿಗೆ ಮಾಡಿಕೊಡುತ್ತೇನೆ. ಬಿಳಿಯೇ ಆಗಬೇಕು, ಹೂವೂ ಬೇಕು ಅಂದವರಿಗೆ ಇಂಡೋಲ್ ತೆಗೆದು ಸೋಪಿನ ವಾಸನೆ ಕೊಡಲು ನನಗೆ ಮನಸ್ಸಿಲ್ಲ. ಅವರಿಗೆ ನಿಂಬೆಹುಲ್ಲಿನ ಎಣ್ಣೆ ಹಾಕಿಕೊಡುತ್ತೇನೆ.