ಕಾಂತವೇ ಇಲ್ಲದ ಜಾಗದಲ್ಲಿ ಎಲೆಕ್ಟ್ರಾನ್‌ಗೆ ತಾಗಿದ್ದೇನು?

ಕರೆಂಟು ತಂತಿ ಮೇಲೆ ಗುಬ್ಬಿ ಕೂತಿರುವುದನ್ನು ಎಲ್ಲರೂ ನೋಡಿದ್ದೇವೆ. ತಂತಿಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ಅದಕ್ಕೆ ಏನೂ ಆಗುವುದಿಲ್ಲ, ಯಾಕೆಂದರೆ ಎರಡೂ ಕಾಲು ಒಂದೇ ತಂತಿಯ ಮೇಲಿವೆ, ಎರಡರ ನಡುವೆ ವ್ಯತ್ಯಾಸವೇ ಇಲ್ಲ. ವೋಲ್ಟೇಜಿನಲ್ಲಿ ಲೆಕ್ಕಕ್ಕೆ ಬರುವುದು ವ್ಯತ್ಯಾಸ ಮಾತ್ರ. ಸೊನ್ನೆಯನ್ನು ಎಲ್ಲಿಡಬೇಕು ಅನ್ನುವುದು ನಮ್ಮ ಇಷ್ಟ. ಹೀಗೆ ಒಂದೊಂದು ಜಾಗಕ್ಕೂ ಕೊಡುವ ಅಂಕಿಗೆ ಪೊಟೆನ್ಷಿಯಲ್ ಅನ್ನುತ್ತಾರೆ. ಹಾಗಾದರೆ ಈ ಪೊಟೆನ್ಷಿಯಲ್ ಅನ್ನುವುದು ಜಗತ್ತಿನಲ್ಲಿ ನಿಜವಾಗಿ ಇರುವ ಸಂಗತಿಯೋ, ಲೆಕ್ಕ ಸುಲಭವಾಗಲಿ ಅಂತ ನಾವು ಬರೆದುಕೊಂಡ ಗುರುತೋ? ಸಮೀಕರಣವನ್ನು ಎಷ್ಟು ದಿಟ್ಟಿಸಿದರೂ ಅದು ಇದನ್ನು ಹೇಳುವುದಿಲ್ಲ.

ಕಾಂತಕ್ಕೂ ಇಂಥದ್ದೇ ಒಂದಿದೆ, ವೆಕ್ಟರ್ ಪೊಟೆನ್ಷಿಯಲ್ ಅಂತ. 1860ರ ದಶಕದಲ್ಲಿ, ವಿದ್ಯುತ್ತು-ಕಾಂತ ಎರಡನ್ನೂ ಒಂದೇ ಸಿದ್ಧಾಂತಕ್ಕೆ ತಂದ ಮ್ಯಾಕ್ಸ್‌ವೆಲ್ ಅದಕ್ಕೆ ದೊಡ್ಡ ಜಾಗವನ್ನೇ ಕೊಟ್ಟಿದ್ದರು. ಅವರ ಕಣ್ಣಿಗೆ ಅದು ಕ್ಷೇತ್ರದಲ್ಲಿ ತುಂಬಿಕೊಂಡ ಒಂದು ಬಗೆಯ ಸಂವೇಗ. 1880ರ ದಶಕದಲ್ಲಿ ಆಲಿವರ್ ಹೆವಿಸೈಡ್ ಅದನ್ನು ಕಿತ್ತು ಹಾಕಿದರು. ಟೆಲಿಗ್ರಾಫ್ ಕೆಲಸ ಮಾಡಿದ್ದ, ಗಣಿತವನ್ನು ತಾವೇ ಓದಿ ಕಲಿತ ಮನುಷ್ಯ ಇವರು. ಜರ್ಮನಿಯಲ್ಲಿ ಹರ್ಟ್ಸ್ ಕೂಡ ಅದೇ ದಾರಿ ಹಿಡಿದರು. ಅವರ ವಾದ ಗಟ್ಟಿಯಾಗಿಯೇ ಇತ್ತು: ಪೊಟೆನ್ಷಿಯಲ್ಲನ್ನು ಒಂದು ನಿಯಮದ ಪ್ರಕಾರ ಬದಲಾಯಿಸಿದರೂ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಎರಡೂ ಹಾಗೇ ಉಳಿಯುತ್ತವೆ. ಹೇಗೆ ಬೇಕಾದರೂ ಬರೆಯಬಹುದಾದ್ದು ನಿಜವಾಗಿ ಇರುವುದಾದರೂ ಹೇಗೆ? ಇವತ್ತು ಕಾಲೇಜಿನಲ್ಲಿ ಓದುವ ನಾಲ್ಕು ಸಮೀಕರಣಗಳ ರೂಪ ಇವರಿಬ್ಬರಿಂದ ಬಂದದ್ದು. ಅಲ್ಲಿಗೆ ಮಾತು ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು.

1926ರಲ್ಲಿ ಶ್ರೋಡಿಂಗರ್ ಎಲೆಕ್ಟ್ರಾನಿನಂಥ ಕಣವನ್ನು ಅಲೆಯಾಗಿ ನೋಡುವ ತಮ್ಮ ಕ್ವಾಂಟಮ್ ಸಮೀಕರಣ ಬರೆದಾಗ ಪೊಟೆನ್ಷಿಯಲ್ ಸದ್ದಿಲ್ಲದೆ ವಾಪಸ್ ಬಂತು. ಅಲ್ಲಿ ಇರುವುದು ಬಲ ಅಲ್ಲ, ಪೊಟೆನ್ಷಿಯಲ್ಲೇ. ಇದರ ಅರ್ಥ ಏನು ಅಂತ ಹೆಚ್ಚಿನವರು ಕೇಳಿಕೊಳ್ಳಲಿಲ್ಲ. 1949ರಲ್ಲಿ ಎಹ್ರೆನ್‌ಬರ್ಗ್ ಮತ್ತು ಸಿಡೇ ಅನ್ನುವವರು ಒಂದು ಲೆಕ್ಕ ತೋರಿಸಿದರು, ಯಾರೂ ಜಾಸ್ತಿ ಗಮನ ಕೊಡಲಿಲ್ಲ. ಹತ್ತು ವರ್ಷದ ನಂತರ, 1959ರಲ್ಲಿ, ಬ್ರಿಸ್ಟಲ್‌ನಲ್ಲಿದ್ದ ಡೇವಿಡ್ ಬೋಮ್ ಮತ್ತು ಅವರ ವಿದ್ಯಾರ್ಥಿ ಯಾಕಿರ್ ಅಹರೊನೊವ್ ಅದೇ ಮಾತನ್ನು ನೇರವಾಗಿ ಎತ್ತಿದರು. ಉದ್ದನೆಯ ತಂತಿ ಸುರುಳಿಯೊಂದನ್ನು ತೆಗೆದುಕೊಳ್ಳಿ. ಕಾಂತಕ್ಷೇತ್ರ ಪೂರ್ತಿ ಅದರ ಒಳಗಿದೆ, ಹೊರಗೆ ಸೊನ್ನೆ. ಎಲೆಕ್ಟ್ರಾನ್ ಅಲೆಯನ್ನು ಎರಡಾಗಿ ಸೀಳಿ, ಸುರುಳಿಯ ಎಡಕ್ಕೊಂದು ಬಲಕ್ಕೊಂದು ಕಳಿಸಿ, ಆಚೆ ಕಡೆ ಮತ್ತೆ ಸೇರಿಸಿ. ಎಲೆಕ್ಟ್ರಾನ್ ಕಾಂತಕ್ಷೇತ್ರವನ್ನು ಮುಟ್ಟಿಯೇ ಇಲ್ಲ. ಆದರೂ ಎರಡು ಅಲೆ ಕೂಡಿದಾಗ ಪರದೆ ಮೇಲೆ ಮೂಡುವ ಬೆಳಕು-ಕತ್ತಲೆ ಪಟ್ಟೆಗಳು ಜರುಗುತ್ತವೆ ಅಂತ ಅವರ ಲೆಕ್ಕ ಹೇಳಿತು.

ಮರುವರ್ಷವೇ ಬ್ರಿಸ್ಟಲ್‌ನಲ್ಲಿ ಚೇಂಬರ್ಸ್ ಸುರುಳಿಯ ಜಾಗದಲ್ಲಿ ಕೂದಲಿಗಿಂತ ಸಣ್ಣ, ಕಾಂತವಾಗಿಸಿದ ಕಬ್ಬಿಣದ ಎಳೆ ಇಟ್ಟು ಪ್ರಯೋಗ ಮಾಡಿದರು. ಪಟ್ಟೆ ಜರುಗಿತು. ಆದರೆ ಒಂದಿಷ್ಟು ಕ್ಷೇತ್ರ ಹೊರಗೆ ಸೋರಿರಬಹುದಲ್ವಾ ಅನ್ನುವ ಆಕ್ಷೇಪ ವರ್ಷಗಟ್ಟಲೆ ನಡೆಯಿತು. ಅದರ ಬಾಯಿ ಮುಚ್ಚಿಸಿದ್ದು ಜಪಾನಿನ ಹಿಟಾಚಿ ಲ್ಯಾಬಿನಲ್ಲಿ ಅಕಿರಾ ತೊನೊಮುರಾ ಮತ್ತು ಸಂಗಡಿಗರು 1986ರಲ್ಲಿ ಮಾಡಿದ ಪ್ರಯೋಗ. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು. ಕಣ್ಣಿಗೆ ಕಾಣದಷ್ಟು ಪುಟ್ಟ ಕಾಂತದ ಬಳೆ. ಅದರ ಸುತ್ತ ನಿಯೋಬಿಯಂ ಲೋಹದ ಹೊದಿಕೆ. ನಿಯೋಬಿಯಂ ಸುಮಾರು 9 ಕೆಲ್ವಿನ್‌ಗಿಂತ ತಣ್ಣಗಾದರೆ ಸೂಪರ್‌ಕಂಡಕ್ಟರ್ ಆಗುತ್ತದೆ, ಕಾಂತಕ್ಷೇತ್ರವನ್ನು ಆಚೆ ಬಿಡುವುದಿಲ್ಲ. ಹೀಗೆ ಬೀಗ ಹಾಕಿದ ಮೇಲೆ ಬಳೆಯ ತೂತಿನ ಮೂಲಕ ಒಂದು ಅಲೆ, ಹೊರಗಿನಿಂದ ಒಂದು ಅಲೆ. ಕೆಲವು ಬಳೆಗಳಲ್ಲಿ ತೂತಿನ ಒಳಗಿನ ಪಟ್ಟೆ ಸರಿಯಾಗಿ ಅರ್ಧ ಹೆಜ್ಜೆ ಪಕ್ಕಕ್ಕೆ ಜರುಗಿತ್ತು, ಹೊರಗಿನ ಕಪ್ಪು ಗೆರೆಯ ನೇರಕ್ಕೆ ಒಳಗೆ ಬಿಳಿ ಗೆರೆ.

ಈಗ ಏನು ಹೇಳುತ್ತೀರಿ? ಕಾಂತಕ್ಷೇತ್ರ ಮಾತ್ರ ನಿಜ ಅಂದರೆ ಅದು ತಾನಿಲ್ಲದ ಜಾಗದಲ್ಲಿ ಕೆಲಸ ಮಾಡಿತು ಅಂತ ಒಪ್ಪಬೇಕು. ಪೊಟೆನ್ಷಿಯಲ್ ನಿಜ ಅಂದರೆ ಹೆವಿಸೈಡ್ ಕಾಲದ ಪ್ರಶ್ನೆ ಮತ್ತೆ ಎದುರಿಗೆ ನಿಲ್ಲುತ್ತದೆ: ನೂರು ರೀತಿ ಬರೆಯಬಹುದಲ್ಲ, ಅದರಲ್ಲಿ ಯಾವುದು ನಿಜ? 1975ರಲ್ಲಿ ವೂ ಮತ್ತು ಯಾಂಗ್ ಅನ್ನುವ ಭೌತವಿಜ್ಞಾನಿಗಳು ಮೂರನೇ ದಾರಿ ತೋರಿಸಿದರು. ಒಂದೊಂದು ಬಿಂದುವಿನಲ್ಲಿ ಪೊಟೆನ್ಷಿಯಲ್ ಎಷ್ಟು ಅಂತ ಕೇಳಬೇಡಿ, ಒಂದು ಪೂರ್ತಿ ಸುತ್ತು ಬಂದರೆ ಒಟ್ಟು ಎಷ್ಟು ಅಂತ ಕೇಳಿ. ಹೇಗೆ ಬರೆದರೂ ಬದಲಾಗದೆ ಉಳಿಯುವುದು ಅದೇ. ನನಗೆ ಇದು ಸರಿ ಅನ್ನಿಸುತ್ತದೆ, ಆದರೆ ಇದು ಪುಕ್ಕಟೆ ಅಲ್ಲ. ಇಲ್ಲಿ ನಿಜ ಅನ್ನುವುದು ಯಾವ ಒಂದು ಜಾಗದಲ್ಲೂ ಇಲ್ಲ, ಇಡೀ ಸುತ್ತಿಗೆ ಸೇರಿದ್ದು.

ಸುತ್ತು ಬಂದರೆ ಉಳಿಯುವ ಈ ಬಾಕಿ ಬೆಂಗಳೂರಿಗೆ ಹಳೆಯ ಪರಿಚಯ. 1956ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ 22 ವರ್ಷದ ಎಸ್. ಪಂಚರತ್ನಂ ಬೆಳಕಿನ ಧ್ರುವೀಕರಣದಲ್ಲಿ, ಅಂದರೆ ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಅಲುಗುತ್ತದೆ ಅನ್ನುವುದರಲ್ಲಿ, ಇದನ್ನೇ ಕಂಡಿದ್ದರು. ಬೆಳಕಿನ ಧ್ರುವೀಕರಣವನ್ನು ಹಂತ ಹಂತವಾಗಿ ಬದಲಿಸಿ ಮೊದಲಿದ್ದ ಸ್ಥಿತಿಗೇ ತಂದರೂ ಅಲೆಯ ಫೇಸ್, ಅಂದರೆ ಅದರ ಏರಿಳಿತ ಯಾವ ಹಂತದಲ್ಲಿದೆ ಅನ್ನುವುದು, ಒಂದಿಷ್ಟು ಜರುಗಿರುತ್ತದೆ. 1984ರಲ್ಲಿ ಬ್ರಿಸ್ಟಲ್‌ನ ಮೈಕೆಲ್ ಬೆರಿ ಕ್ವಾಂಟಮ್ ಕಡೆಯಿಂದ ಅಲ್ಲಿಗೇ ಬಂದು, ಸುರುಳಿಯ ಸುತ್ತ ಹೋದರೆ ಪಟ್ಟೆ ಜರುಗುವ ಅಹರೊನೊವ್-ಬೋಮ್ ಪರಿಣಾಮವೂ ಇದರದೇ ಒಂದು ರೂಪ ಅಂದರು. ಪಂಚರತ್ನಂ ಲೆಕ್ಕಕ್ಕೆ ಕ್ವಾಂಟಮ್ ಬೇಕಿರಲಿಲ್ಲ, ಹಳೆಯ ಅಲೆ ಸಿದ್ಧಾಂತವೇ ಸಾಕಾಗಿತ್ತು. ಹಾಗಾಗಿ ಇದನ್ನು ಸುಮ್ನೆ ಕ್ವಾಂಟಮ್ ವಿಚಿತ್ರ ಅಂತ ಬದಿಗಿಡಲು ಆಗುವುದಿಲ್ಲ.

2012ರಲ್ಲಿ ಅಹರೊನೊವ್ ಅವರ ಶಿಷ್ಯರೇ ಆದ ಲೆವ್ ವೈದ್‌ಮನ್ ಪೊಟೆನ್ಷಿಯಲ್ಲೇ ಬೇಡ ಅಂದರು. ಸುರುಳಿಯನ್ನೂ ಕ್ವಾಂಟಮ್ ವಸ್ತುವಾಗಿ ನೋಡಿ, ಹಾದುಹೋಗುವ ಎಲೆಕ್ಟ್ರಾನಿನ ಕ್ಷೇತ್ರ ಸುರುಳಿಯ ಮೇಲೆ ಏನು ಮಾಡುತ್ತದೆ ಅಂತ ಲೆಕ್ಕ ಹಾಕಿ, ಅಷ್ಟರಲ್ಲೇ ಪಟ್ಟೆ ಜರುಗುತ್ತದೆ ಅಂತ ಅವರ ವಾದ. 2015ರಲ್ಲಿ ಅಹರೊನೊವ್ ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಅದನ್ನು ಒಪ್ಪುವುದಿಲ್ಲ ಅಂತ ಬರೆದರು. ಇಬ್ಬರೂ ಬಳಸುವ ಗಣಿತ ಒಂದೇ. ಪಟ್ಟೆ ಎಷ್ಟು ಜರುಗುತ್ತದೆ ಅನ್ನುವುದರಲ್ಲಿ ಇಬ್ಬರಿಗೂ ಕೂದಲೆಳೆಯಷ್ಟೂ ಭಿನ್ನಾಭಿಪ್ರಾಯ ಇಲ್ಲ.